ನಾರ್ಟನ್ ಮತ್ತೆ ರೇಸ್‌ಗೆ ಹೋಗಲಿ, ಆದರೆ ಚಿಕ್ಕ ಕ್ಲಾಸ್‌ನಿಂದ

ನಮ್ಮ ಮಾಲೂರಿನಿಂದ ಹೊಸೂರಿಗೆ ಬೈಕಿನಲ್ಲಿ ಒಂದು ಗಂಟೆಯೂ ಬೇಡ. ನಮ್ಮ ಬೀದಿಯ ಹುಡುಗರೇ ಅಲ್ಲಿನ ಕಂಪನಿಗಳಿಗೆ ಶಿಫ್ಟ್ ಕೆಲಸಕ್ಕೆ ಹೋಗಿ ಬರುತ್ತಾರೆ. ಅದಕ್ಕೇ ಇರಬೇಕು, 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಅಂತ ಎಲ್ಲರೂ ಮನೆಯಲ್ಲಿ ಕೂತಿದ್ದಾಗ, ಅಲ್ಲೇ ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್‌ನವರು 1.6 ಕೋಟಿ ಪೌಂಡ್ ಕೊಟ್ಟು ಇಂಗ್ಲೆಂಡಿನ ಹಳೇ ಬೈಕ್ ಕಂಪನಿ ನಾರ್ಟನ್ ಕೊಂಡರು ಅನ್ನೋ ಸುದ್ದಿ ಓದಿ, ನಮ್ಮ ಊರಿನವರೇ ಯಾರೋ ಕೊಂಡಷ್ಟು ಖುಷಿಯಾಯಿತು.

ಇನ್ನೊಂದು ಕಾರಣವೂ ಇದೆ. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿ ಒಬ್ಬ ದೊರೆ ಹತ್ತಿರ ನಾರ್ಟನ್ ಇತ್ತಂತೆ. ಯುದ್ಧದ ಸಮಯದಲ್ಲಿ ಬ್ರಿಟಿಷ್ ಸೇನೆಗೆ ಅಂತ ಮಾಡಿದ ಸಿಂಗಲ್ ಸಿಲಿಂಡರ್ ಗಾಡಿ. "ಗಾಡಿ ಇನ್ನೂ ತಿರುವಿನಲ್ಲಿ ಇರೋವಾಗ್ಲೇ ಶಬ್ದ ಕೇಳಿ ನಾವೆಲ್ಲ ಬೀಡಿ ಆರಿಸ್ತಿದ್ವಿ" ಅಂತ ತಾತ ಹೇಳುತ್ತಿದ್ದರು. ಆ ಹೆಸರು ನನ್ನ ತಲೆಗೆ ಹತ್ತಿದ್ದು ಹಾಗೆ.

ನಾರ್ಟನ್ ಅಂದ್ರೆ ರೇಸ್. 1907ರಲ್ಲಿ ಇಂಗ್ಲೆಂಡಿನ ಹತ್ತಿರದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಮೊದಲ ಟಿಟಿ (ಟೂರಿಸ್ಟ್ ಟ್ರೋಫಿ) ರೇಸ್ ನಡೆದಾಗಲೇ ರೆಮ್ ಫೌಲರ್ ನಾರ್ಟನ್‌ನಲ್ಲಿ ಎರಡು ಸಿಲಿಂಡರ್ ಕ್ಲಾಸ್ ಗೆದ್ದರು. ಆ ಗಾಡಿಯ ಇಂಜಿನ್ ನಾರ್ಟನ್‌ದಲ್ಲ, ಫ್ರಾನ್ಸಿನ ಪಿಜೋ ಕಂಪನಿಯದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1950ರಲ್ಲಿ ಫೆದರ್‌ಬೆಡ್ ಫ್ರೇಮ್ ಬಂತು. ಓಡಿಸಿದವರು ಪುಕ್ಕದ ಹಾಸಿಗೆ ಮೇಲೆ ಕೂತ ಹಾಗಿದೆ ಅಂದಿದ್ದಕ್ಕೆ ಆ ಹೆಸರು. ಅದೇ ವರ್ಷ ಜೆಫ್ ಡ್ಯೂಕ್ ನಾರ್ಟನ್ ಮೇಲೆ ಸೀನಿಯರ್ ಟಿಟಿ, ಅಂದರೆ ಟಿಟಿಯ ಮುಖ್ಯ ರೇಸ್ ಗೆದ್ದರು. 1961ರಲ್ಲಿ ಮೈಕ್ ಹೇಲ್‌ವುಡ್. ಆಮೇಲೆ ಸೀನಿಯರ್ ಟಿಟಿಯಲ್ಲಿ ಬಹಳ ಕಾಲ ಬರ. 1992ರಲ್ಲಿ ಸ್ಟೀವ್ ಹಿಸ್ಲಾಪ್, ಪಿಸ್ಟನ್ನೇ ಇಲ್ಲದ ರೋಟರಿ ಇಂಜಿನ್ ನಾರ್ಟನ್‌ನಲ್ಲಿ, ಯಮಹಾ ಮೇಲಿದ್ದ ಕಾರ್ಲ್ ಫೋಗರ್ಟಿಯನ್ನು ಬರೀ 4.4 ಸೆಕೆಂಡ್‌ನಲ್ಲಿ ಸೋಲಿಸಿದರು. ಹತ್ತಿರ ಹತ್ತಿರ ಎರಡು ಗಂಟೆ ಓಡಿಸಿ, ನಾಲ್ಕು ಸೆಕೆಂಡ್!

ಈ ರೇಸ್ ಎಂಥದ್ದು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಟ್ರ್ಯಾಕ್ ಅಲ್ಲ, ಊರಿನ ರಸ್ತೆ. ಪಕ್ಕದಲ್ಲೇ ಕಲ್ಲಿನ ಗೋಡೆ, ಮನೆ, ಕಂಬ. ಒಂದು ಸುತ್ತು ಅಂದರೆ 60 ಕಿಲೋಮೀಟರ್. ಹೆಚ್ಚುಕಮ್ಮಿ ಕೋಲಾರದಿಂದ ಬೆಂಗಳೂರಿಗೆ ಇರುವ ದೂರ. 2018ರಲ್ಲಿ ಪೀಟರ್ ಹಿಕ್‌ಮನ್ ಅದನ್ನು 17 ನಿಮಿಷದೊಳಗೆ ಮುಗಿಸಿದರು. ಸೀನಿಯರ್ ರೇಸ್‌ನಲ್ಲಿ ಅಂಥವು ಆರು ಸುತ್ತು.

2008ರಲ್ಲಿ ಒಬ್ಬ ಉದ್ಯಮಿ ನಾರ್ಟನ್ ಹೆಸರು ಕೊಂಡು ಮತ್ತೆ ಶುರು ಮಾಡಿದರು. 2012ರಿಂದ ಇಟಲಿಯ ಎಪ್ರಿಲಿಯಾ ಕಂಪನಿಯ ವಿ4 (ನಾಲ್ಕು ಸಿಲಿಂಡರ್) ಇಂಜಿನ್ ಹಾಕಿಕೊಂಡು ಟಿಟಿಗೆ ಹೋದರು. ಬೇರೆಯವರ ಇಂಜಿನ್ ಅಂತ ತುಂಬಾ ಜನ ಆಡಿಕೊಂಡರು. ನಾನು ಒಪ್ಪಲ್ಲ. 1907ರಲ್ಲಿ ಮಾಡಿದ್ದೂ ಅದನ್ನೇ ಅಲ್ವಾ? ಆ ತಂಡ ಸುಮ್ನೆ ಹೋಗಿ ಬಂದಿಲ್ಲ. 2016ರಲ್ಲಿ ಡೇವಿಡ್ ಜಾನ್ಸನ್ ಒಂದು ಸುತ್ತಿನ ಸರಾಸರಿ ವೇಗವನ್ನು ಗಂಟೆಗೆ 130 ಮೈಲಿ ದಾಟಿಸಿದರು. 2018ರಲ್ಲಿ ಜಾಶ್ ಬ್ರೂಕ್ಸ್ 131 ದಾಟಿಸಿದರು. ಕಿಲೋಮೀಟರ್ ಲೆಕ್ಕದಲ್ಲಿ ಗಂಟೆಗೆ 212. ಒಂದು ಪುಟ್ಟ ಕಂಪನಿಗೆ ಇದು ದೊಡ್ಡ ಸಾಧನೆ ಅಂತಲೇ ನಾನು ಹೇಳೋದು.

ಆದರೆ ಅದೇ ವರ್ಷ ಬಿಎಂಡಬ್ಲ್ಯೂ ಮೇಲೆ ಹಿಕ್‌ಮನ್ 135 ದಾಟಿಸಿದ್ದರು. ಲೆಕ್ಕ ಹಾಕಿ ನೋಡಿದೆ, ಇಬ್ಬರ ಅತಿ ವೇಗದ ಸುತ್ತಿಗೆ ಸುಮಾರು 28 ಸೆಕೆಂಡ್ ವ್ಯತ್ಯಾಸ. ಇದು ಸವಾರನ ತಪ್ಪಲ್ಲ. ಬಿಎಂಡಬ್ಲ್ಯೂನಂಥವರ ಅದೇ ಮಾಡೆಲ್ ಬೈಕನ್ನು ಹತ್ತಾರು ತಂಡಗಳು ಊರೂರಲ್ಲಿ ಓಡಿಸುತ್ತವೆ. ಒಬ್ಬರಿಗೆ ಗೊತ್ತಾದ ಸಸ್ಪೆನ್ಷನ್ ಸೆಟ್ಟಿಂಗ್, ಎಲೆಕ್ಟ್ರಾನಿಕ್ಸ್ ಲೆಕ್ಕ ಇನ್ನೊಬ್ಬರಿಗೂ ಸಿಗುತ್ತದೆ. ಪಾರ್ಟ್ಸ್ ಮುರಿದರೆ ಪಕ್ಕದ ಟೆಂಟಿನಲ್ಲಿ ಕೇಳಿದರೂ ಸಿಗುತ್ತದೆ. ನಾರ್ಟನ್‌ನವರದು ಒಂದೆರಡೇ ಬೈಕು. ಎಲ್ಲ ಅವರೇ ಕಲಿಯಬೇಕು, ಅದೂ ವರ್ಷಕ್ಕೆ ಎರಡೇ ವಾರ ಸಿಗುವ ರಸ್ತೆಯಲ್ಲಿ. 2019ರಲ್ಲಿ, 23 ಸಲ ಟಿಟಿ ಗೆದ್ದ ಜಾನ್ ಮೆಕ್‌ಗಿನ್ನೆಸ್ ಬಂದು ಕೂತರೂ ಬೈಕು ಕೈ ಕೊಟ್ಟಿತು. ಮುಂದಿನ ಜನವರಿಗೆ ಕಂಪನಿಯೇ ದಿವಾಳಿ. ಬೈಕಿಗೆ ಮುಂಗಡ ಕಟ್ಟಿದವರು, ಪಿಂಚಣಿ ದುಡ್ಡು ತೊಡಗಿಸಿದವರು ಕಣ್ಣೀರಿಟ್ಟರು. ಆ ನೋವು ಯಾವ ಟ್ರೋಫಿ ಗೆದ್ದರೂ ಹೋಗಲ್ಲ.

ಈಗ ಟಿವಿಎಸ್ ಕೈಯಲ್ಲಿ ದುಡ್ಡಿದೆ, ಜನ ಇದ್ದಾರೆ. 2025ರ ನವೆಂಬರ್‌ನಲ್ಲಿ ಮಿಲಾನ್ ಶೋನಲ್ಲಿ ಮ್ಯಾಂಕ್ಸ್ ಆರ್ ಅನ್ನೋ ಹೊಸ ನಾರ್ಟನ್ ಬೈಕು ತೋರಿಸಿದರು. ತಕ್ಷಣ ಎಲ್ಲರೂ "ಇದನ್ನ ಟಿಟಿಗೆ ಇಳಿಸಿ" ಅಂತ ಶುರು ಮಾಡಿದರು. ಆಸೆ ನನಗೂ ಇದೆ. ಆದರೆ ಅದು 1200 ಸಿಸಿ, ನಾಲ್ಕು ಸಿಲಿಂಡರ್. ಸೂಪರ್‌ಬೈಕ್ ಕ್ಲಾಸ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ 1000 ಸಿಸಿಯೇ ಮಿತಿ. ಅಂದ್ರೆ ರೇಸ್‌ಗೆ ಅಂತ ಬೇರೆಯೇ ಇಂಜಿನ್ ಬೇಕು. ಮತ್ತೆ ಅದೇ ಕಥೆ.

ನಾನು ಹೇಳೋದು ಅಟ್ಲಾಸ್ ಬಗ್ಗೆ. ಅದೇ ಶೋನಲ್ಲಿ ತೋರಿಸಿದ 585 ಸಿಸಿ, ಎರಡು ಸಿಲಿಂಡರ್ ಬೈಕು. ಟಿಟಿಯಲ್ಲಿ ಸೂಪರ್‌ಟ್ವಿನ್ ಅನ್ನೋ ಕ್ಲಾಸ್ 2025ರಲ್ಲೂ ಇತ್ತು, 700 ಸಿಸಿವರೆಗಿನ ಎರಡು ಸಿಲಿಂಡರ್ ಬೈಕುಗಳಿಗೆ. ಅಲ್ಲಿ ಗೆದ್ದವರು ಯಾರು ಗೊತ್ತಾ? ಪ್ಯಾಟನ್. 1958ರಲ್ಲಿ ಇಟಲಿಯಲ್ಲಿ ಹುಟ್ಟಿದ, ನಾರ್ಟನ್‌ಗಿಂತಲೂ ಎಷ್ಟೋ ಚಿಕ್ಕ ಹಳೇ ಹೆಸರು. ಕವಾಸಾಕಿ ಇಂಜಿನ್ ತಗೊಂಡು, ಚೆನ್ನಾಗಿರೋ ಫ್ರೇಮ್ ಮಾಡಿ, 2017ರಲ್ಲಿ ಮೈಕಲ್ ರಟ್ಟರ್ ಜೊತೆ, 2018, 2019ರಲ್ಲಿ ಮೈಕಲ್ ಡನ್‌ಲಪ್ ಜೊತೆ ಗೆದ್ದರು. ಆ ರೇಸ್ ಬೈಕನ್ನು ಸ್ವಂತ ದುಡ್ಡಿನಲ್ಲಿ ರೇಸ್ ಮಾಡೋರಿಗೂ ಮಾರಿದರು. ಹಾಗಾಗಿ ಕಲಿಕೆ ಒಂದೇ ತಂಡದ ಮೇಲೆ ಬೀಳಲಿಲ್ಲ. ಅಟ್ಲಾಸ್ ಇಂಜಿನ್ ಪ್ರವಾಸದ ಬೈಕಿಗೆ ಮಾಡಿದ್ದು, ಸಿಸಿಯೂ ಕಮ್ಮಿ, ನಿಜ. ಸಿಸಿ ಏರಿಸಬೇಕು, ತಗ್ಗಾದ ರೇಸ್ ಫ್ರೇಮ್ ಬೇಕು. ಆದರೆ ಫ್ರೇಮ್ ಅನ್ನೋದು ನಾರ್ಟನ್‌ನ ಹಳೇ ವಿದ್ಯೆ. ಚಿಕ್ಕ ಇಂಜಿನ್‌ನಿಂದ ಶಕ್ತಿ ತೆಗೆಯೋದು 1982ರಿಂದ ರೇಸ್ ಮಾಡುತ್ತಿರುವ ಟಿವಿಎಸ್‌ನವರಿಗೆ ಚೆನ್ನಾಗಿ ಗೊತ್ತು.

ಎರಡು ವರ್ಷ ಬೈಕು ಅರ್ಧ ದಾರಿಯಲ್ಲಿ ನಿಲ್ಲಬಹುದು. ನಿಲ್ಲಲಿ. ಇದೇ ಟಿವಿಎಸ್‌ನ ಸವಾರ, ನಮ್ಮ ಕನ್ನಡದ ಹುಡುಗ ಕೆ.ಪಿ. ಅರವಿಂದ್ 2017ರಲ್ಲಿ, 2018ರಲ್ಲಿ ದಿನಗಟ್ಟಲೆ ಓಡುವ ಡಕಾರ್ ರ್‍ಯಾಲಿ ಮುಗಿಸೋಕೆ ಆಗದೆ ವಾಪಸ್ ಬಂದಿದ್ದರು. 2019ರಲ್ಲಿ ಮುಗಿಸಿದರು, 37ನೇ ಸ್ಥಾನ. ಕಂಪನಿ ಎರಡನೇ ಸಲಕ್ಕೇ ಸಾಕು ಅಂದಿದ್ದರೆ ಆ ದಿನ ಬರುತ್ತಲೇ ಇರಲಿಲ್ಲ.

ಕೆಜಿಎಫ್ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯಲ್ಲಿ ಹಳೇ ಗಣಿ ಕಾಲದ ಬೈಕ್ ಫೋಟೋ ಇದ್ದರೆ ದಯವಿಟ್ಟು ಕೆಳಗೆ ಹಾಕಿ. ತಾತ ಹೇಳುತ್ತಿದ್ದ ಆ ನಾರ್ಟನ್ ಹೇಗಿತ್ತು ಅಂತ ಒಂದು ಸಲ ನೋಡಬೇಕು.