ಪುಸ್ತಕ ತಂದುಕೊಟ್ಟರೆ ಸಾಲದು, ಪಕ್ಕದಲ್ಲಿ ಕೂತ್ಕೊಳ್ಳಿ

ಪರೀಕ್ಷೆ ಮುಗಿದು ರಜೆ ಶುರುವಾಗಿದೆ. ಶಿರಸಿ ಪೇಟೆಯಲ್ಲಿ ಯಾರು ಸಿಕ್ಕಿದರೂ ಕೇಳುವುದು ಒಂದೇ, "ರಜೆಲಿ ಮಗಳನ್ನ ಯಾವ ಕ್ಲಾಸಿಗೆ ಹಾಕಿದ್ರಿ?" ಅಬಾಕಸ್, ಕರಾಟೆ, ಡ್ರಾಯಿಂಗ್, ಇನ್ನೂ ಶುರುವೇ ಆಗದ ಮುಂದಿನ ವರ್ಷದ ಗಣಿತ. ಯಾವುದೂ ತಪ್ಪಲ್ಲ. ಆದರೆ ದುಡ್ಡಿಲ್ಲದೆ, ಮನೆಯಲ್ಲೇ, ನಾವೇ ಮಾಡಬಹುದಾದ ಒಂದು ಕೆಲಸವನ್ನು ಯಾರೂ ಹೆಸರೆತ್ತಿ ಹೇಳುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಮಕ್ಕಳ ಜೊತೆ ಕೂತು ಗಟ್ಟಿಯಾಗಿ ಓದುವುದು.

ಜೊತೆ ಕೂತು ಅಂತ ಬೇಕೆಂದೇ ಬರೆದಿದ್ದೇನೆ. "ಹೋಗು, ಪುಸ್ತಕ ಓದು" ಅಂತ ಕಳಿಸುವುದು ಬೇರೆ. ಹಾಗೆ ಹೋದ ಮಗು ಎರಡು ಪುಟ ತಿರುಗಿಸಿ ಎದ್ದು ಬರುತ್ತದೆ. ಅದಕ್ಕೆ ಓದು ಬೇಡವಾಗಿದೆ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಎಷ್ಟೋ ಸಲ ಕಾರಣ ಅದಲ್ಲ. ಮೂರನೇ, ನಾಲ್ಕನೇ ಕ್ಲಾಸಿನ ಮಗುವಿಗೆ ಅಕ್ಷರ ಎಲ್ಲ ಗೊತ್ತಿರುತ್ತದೆ. ಆದರೆ ಒತ್ತಕ್ಷರ ಬಂದ ಕೂಡಲೇ ನಿಲ್ಲುತ್ತದೆ. ಪದವನ್ನು ಒಡೆದು ಒಡೆದು ಓದುತ್ತದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಶುರುವಲ್ಲಿ ಏನಿತ್ತು ಅನ್ನೋದೇ ಮರೆತಿರುತ್ತದೆ. ಹೀಗೆ ಓದಿದರೆ ಯಾವ ಕತೆ ತಾನೇ ರುಚಿಸುತ್ತದೆ ಹೇಳಿ? ಅದೇ ಕತೆಯನ್ನು ದೊಡ್ಡವರು ಓದಿ ಹೇಳಿದರೆ ಮಗು ಬಾಯಿ ಬಿಟ್ಟುಕೊಂಡು ಕೇಳುತ್ತದೆ. ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಸುಲಭ. ಆದ್ದರಿಂದ "ಅವನಿಗೆ ಓದೋಕೆ ಬರ್ತದಲ್ಲ, ಇನ್ನು ನಾವ್ಯಾಕೆ ಓದಬೇಕು" ಅನ್ನಬೇಡಿ. ಓದಲು ಬಂದ ಮೇಲೂ ಕೆಲವು ವರ್ಷ ನಾವು ಓದಿ ಹೇಳುತ್ತಲೇ ಇರಬೇಕು. ಒಂದು ಪುಟ ನೀವು, ಒಂದು ಪುಟ ಮಗು. ತಡವರಿಸಿದ ಪದವನ್ನು ನೀವೇ ಹೇಳಿಕೊಟ್ಟು ಮುಂದೆ ಹೋಗಿ, ಕತೆ ನಿಲ್ಲಿಸಬೇಡಿ.

ಏಪ್ರಿಲ್, ಮೇ ಎರಡು ತಿಂಗಳು ಒಂದು ಸಾಲೂ ಓದದಿದ್ದರೆ ಓದಿನ ಸರಾಗತೆ ತಪ್ಪಿಹೋಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಸೇತುಬಂಧ ಅಂತ ಹಿಂದಿನ ವರ್ಷದ್ದನ್ನೇ ಮತ್ತೆ ನೆನಪು ಮಾಡಿಸುವುದು ಸುಮ್ನೆ ಅಲ್ಲ.

ಸಮಯ ಎಲ್ಲಿದೆ ಅಂತ ಕೇಳುತ್ತೀರಿ. ನಮ್ಮ ಕಡೆ ಈ ಎರಡು ತಿಂಗಳು ಕೆಲಸ ಜಾಸ್ತಿ, ನಿಜ. ಆದರೆ ಅವೆಲ್ಲ ಕೈಗೆ ಕೆಲಸ, ಕಿವಿ ಖಾಲಿ. ನಮ್ಮ ಮನೆಯಲ್ಲಿ ಹಲಸಿನಕಾಯಿ ಹಪ್ಪಳ ಮಾಡುವ ದಿನ ಆರೇಳು ಜನ ಒಟ್ಟಿಗೆ ಕೂರುತ್ತೇವೆ. ಸೊಳೆ ಬಿಡಿಸುವವರು, ಉಂಡೆ ಕಟ್ಟುವವರು, ಒತ್ತುವವರು, ಚಾಪೆ ಮೇಲೆ ಬಿಸಿಲಿಗೆ ಹರಡುವವರು. ಮೊದಲು ಊರ ಸುದ್ದಿ ಮಾತಾಡುತ್ತಿದ್ದೆವು. ಈಗ ಒಂದಷ್ಟು ಹೊತ್ತು ಮಗಳು ನಡುವೆ ಕೂತು ಓದುತ್ತಾಳೆ. ಅತ್ತೆಯವರಿಗೆ ಕಣ್ಣು ಮಂಜು, ಅಕ್ಷರ ಕಾಣುವುದಿಲ್ಲ. ಅವಳು ನೀರು ಕುಡಿಯಲು ನಿಲ್ಲಿಸಿದರೂ ಬಿಡುವುದಿಲ್ಲ, "ಮುಂದೆ ಎಂತಾ ಆತೇ ಕೂಸೆ? ಓದು ಓದು" ಅನ್ನುತ್ತಾರೆ. ಕತೆಯಲ್ಲಿ ಹುಲಿ ಬಂದರೆ ಮುಗಿಯಿತು. ತಾವು ಸಣ್ಣವರಿದ್ದಾಗ ಕೊಟ್ಟಿಗೆಗೆ ಹುಲಿ ಬಂದದ್ದು, ದನ ಕೂಗಿದ್ದು, ಅಪ್ಪಯ್ಯ ದೊಂದಿ ಹಿಡಿದು ಓಡಿದ್ದು ಎಲ್ಲ ಹೊರಗೆ ಬರುತ್ತದೆ. ಪುಸ್ತಕ ಮಡಿಲಲ್ಲಿ ಹಾಗೇ ಇರುತ್ತದೆ, ಮಗಳು ಅಜ್ಜಿಯ ಮುಖ ನೋಡುತ್ತಿರುತ್ತಾಳೆ. ನಾನು ಆಗ ಓದು ಅಂತ ಎಚ್ಚರಿಸುವುದಿಲ್ಲ. ಅಷ್ಟು ವರ್ಷ ಹೊಳೆಯದ ಕತೆ ಆ ಪುಸ್ತಕದಿಂದಲೇ ಅಲ್ವಾ ಹೊರಗೆ ಬಂದದ್ದು?

ಕಾರವಾರದ ಗೆಳತಿಯೊಬ್ಬರ ಮನೆಮಾತು ಕೊಂಕಣಿ. ಓದುವುದು ಕನ್ನಡದಲ್ಲಿ, ಆಮೇಲೆ ಮಾತುಕತೆ ಕೊಂಕಣಿಯಲ್ಲಿ. ಮಗ ರಾತ್ರಿ ಅಜ್ಜಿಗೆ ಇಡೀ ಕತೆಯನ್ನು ಕೊಂಕಣಿಯಲ್ಲಿ ಹೇಳುತ್ತಾನಂತೆ, ತನ್ನದೂ ಸ್ವಲ್ಪ ಸೇರಿಸಿ. ಅವನಿಗೆ ಕತೆ ತಿಳಿಯಿತೋ ಇಲ್ಲವೋ ಎಂದು ಬೇರೆ ಪರೀಕ್ಷೆ ಬೇಕಾ? ದಯವಿಟ್ಟು ಓದಿದ ಮೇಲೆ ಪ್ರಶ್ನೆ ಕೇಳಬೇಡಿ. "ನೀತಿ ಏನು ಹೇಳು", "ಒಂದು ಪುಟ ಬರಿ" ಅಂದ ದಿನವೇ ಮಕ್ಕಳಿಗೆ ಶಾಲೆಯ ವಾಸನೆ ಬರುತ್ತದೆ. ಅದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳಿದರೆ ಮತ್ತೆ ಮತ್ತೆ ಓದಿ. ಚಿತ್ರಕತೆಯೇ ಬೇಕು ಅಂದರೆ ಅದೇ ಇರಲಿ.

ಪುಸ್ತಕ ಕೊಳ್ಳಲು ಆಗದವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಅವರು ಹಿಂಜರಿಯಬೇಕಿಲ್ಲ. ಮನೆ ತೆರಿಗೆ ಕಟ್ಟುವಾಗ ನೂರು ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಅಂತ ನಾವು ಕೊಡುತ್ತಲೇ ಇದ್ದೇವೆ. ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ನಮ್ಮದೇ ದುಡ್ಡಿನದು. 2020ರ ನವೆಂಬರ್‌ನಲ್ಲಿ ಓದುವ ಬೆಳಕು ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮಗುವನ್ನು ಕರೆದುಕೊಂಡು ಹೋಗಿ, ಪುಸ್ತಕ ಅದೇ ಆರಿಸಲಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಸುಮ್ಮನಿರದೆ ಪಂಚಾಯಿತಿಯಲ್ಲಿ ಕೇಳಿ. ಫೋನ್ ಇದ್ದವರು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡಬಹುದು. ಕನ್ನಡದಲ್ಲಿ ಬೇಕಾದಷ್ಟು ಚಿತ್ರದ ಕತೆಗಳಿವೆ, ದುಡ್ಡಿಲ್ಲ, ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿಟ್ಟಿದ್ದಾರೆ. ಫೋನ್ ಮಾತ್ರ ನಿಮ್ಮ ಕೈಯಲ್ಲಿರಲಿ. ಉದ್ದದ ಕತೆ ಓದಲು ಧೈರ್ಯ ಬಾರದವರಿಗೆ ಅಂಕೋಲೆಯ ದಿನಕರ ದೇಸಾಯಿಯವರ ಚುಟುಕಗಳಿವೆ. ನಾಲ್ಕೇ ಸಾಲು, ಮಕ್ಕಳು ಕೇಳಿದ್ದೇ ಬಾಯಿಪಾಠ ಮಾಡಿಬಿಡುತ್ತಾರೆ.

ಯಕ್ಷಗಾನದ ಆಟ ನೋಡಲು ಹೋಗುವ ಮನೆಗಳಿಗೆ ಇನ್ನೂ ಸುಲಭ. ಯಕ್ಷಗಾನದ ಪ್ರಸಂಗಗಳು ಪುಸ್ತಕವಾಗಿ ಸಿಗುತ್ತವೆ. ಆಟಕ್ಕೆ ಹೋಗುವ ಹಿಂದಿನ ದಿನ ನಾಲ್ಕು ಪದ್ಯ ಓದಿ, ಕತೆ ಹೇಳಿ. ಭಾಗವತರು ಅದೇ ಪದ್ಯ ಎತ್ತಿದಾಗ ನಿಮ್ಮ ತೊಡೆ ಮೇಲೆ ನಿದ್ದೆಗೆ ಜಾರುತ್ತಿದ್ದ ಮಗು ಎದ್ದು ಕೂರದಿದ್ದರೆ ಕೇಳಿ.

ತಿರುಗಾಟಕ್ಕೂ ಇದೇ ಮಾತು. ರಜೆಯಲ್ಲಿ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿ ಚುರುಮುರಿ ತಿಂದು ಬರುತ್ತೇವೆ. ಆ ಹೆಸರು ಯಾಕೆ ಬಂತು ಅಂತ ಎಷ್ಟು ಮಕ್ಕಳಿಗೆ ಗೊತ್ತು? ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು, ಬ್ರಿಟಿಷರ ಕಾಲದ ಐಸಿಎಸ್ ಅಧಿಕಾರಿ ಪರೀಕ್ಷೆ ಪಾಸಾದ ಮೊದಲ ಭಾರತೀಯ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ರವೀಂದ್ರರು ಇಪ್ಪತ್ತರ ಆಸುಪಾಸಿನಲ್ಲಿ ಅವರ ಮನೆಗೆ ಬಂದು ಉಳಿದರು. ಇಲ್ಲೇ ಒಂದು ನಾಟಕ ಬರೆದರು. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದದ್ದನ್ನು ತಮ್ಮ ನೆನಪಿನ ಬರಹದಲ್ಲಿ ಹೇಳಿದ್ದಾರೆ. ಹೋಗುವ ಮೊದಲು ಇಷ್ಟನ್ನು ಮಕ್ಕಳ ಜೊತೆ ಓದಿಕೊಂಡರೆ, ಕಾಳಿ ಸೇತುವೆ ದಾಟುವಾಗ ಅವರೇ ಕಿಟಕಿಗೆ ಮುಖ ಹಚ್ಚಿ "ಇದೇ ನದಿನಾ?" ಅಂತ ಕೇಳುತ್ತಾರೆ.

ಮೀನುಗಾರರ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಏಪ್ರಿಲ್, ಮೇಯಲ್ಲಿ ಅಪ್ಪ ಬೋಟಿನಲ್ಲಿ, ಅಮ್ಮ ಮೀನು ಮಾರಲು ಇಲ್ಲವೇ ಒಣಗಿಸಲು. ಆ ಮನೆಗೆ ಹೋಗಿ ರಜೆಯಲ್ಲಿ ಓದಿ ಅನ್ನುವುದು ಸರಿಯಲ್ಲ. ಅಲ್ಲಿ ಅಕ್ಕಂದಿರು ತಮ್ಮಂದಿರಿಗೆ ಓದಿ ಹೇಳಿದರೂ ಸಾಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಹೊರಗೆ ಮಳೆ, ಅಪ್ಪ ಮನೆಯಲ್ಲಿ, ಬಲೆ ರಿಪೇರಿ ನಡೆಯುತ್ತಿರುತ್ತದೆ. ಅವರಿಗೆ ಓದು ಬಾರದಿದ್ದರೂ ತೊಂದರೆ ಇಲ್ಲ, ಮಗು ಓದಲಿ, ಅವರು ಕೇಳಲಿ. ಅಷ್ಟು ಹೊತ್ತಿಗೆ ಶಾಲೆಯಿಂದ ಹೊಸ ಕನ್ನಡ ಪುಸ್ತಕ ಬಂದಿರುತ್ತದೆ. ಅದರಲ್ಲಿರುವ ಕತೆ, ಪದ್ಯಗಳಿಂದಲೇ ಶುರು ಮಾಡಬಹುದು.