ಬೇಲಿ ಮೇಲಿನ ಕ್ಲೆಮಾಟಿಸ್‌ಗೆ ಅಂಗಳದಲ್ಲೊಂದು ಜಾಗ

ನಮ್ಮ ತೀರ್ಥಹಳ್ಳಿ ಕಡೆ ಮಳೆ ಬಿಟ್ಟು ದೀಪಾವಳಿ ಕಳೆಯಿತು ಅಂದರೆ ಬೇಲಿ ಸವರುವ ಕೆಲಸ ಶುರು. ಮೊದಲು ಕತ್ತಿಯಲ್ಲಿ ಆಗುತ್ತಿತ್ತು, ಈಗ ಜಾಸ್ತಿ ಕಡೆ ಮೆಷಿನ್ ಬಂದಿದೆ. ಲಂಟಾನ, ಯುಪಟೋರಿಯಂ, ಮುಳ್ಳುಕಂಟಿ ಎಲ್ಲ ಒಟ್ಟಿಗೇ ಹೋಗುತ್ತದೆ. ಅವುಗಳ ಜೊತೆ, ಆಗಷ್ಟೇ ಮೊಗ್ಗು ಬಿಡುತ್ತಿರುವ ಒಂದು ಬಳ್ಳಿಯೂ ಹೋಗುತ್ತದೆ. ಅದು ನಮ್ಮ ಪಶ್ಚಿಮ ಘಟ್ಟದ್ದೇ ಕ್ಲೆಮಾಟಿಸ್, ಪುಸ್ತಕದ ಹೆಸರು ಕ್ಲೆಮಾಟಿಸ್ ಗೌರಿಯಾನಾ. ನಾನೀಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ಹತ್ತಿರ. ಅಲ್ಲಿ ಇದರ ದಾಯಾದಿ ಬಳ್ಳಿಗಳನ್ನು ಜನ ಹುಡುಕಿಕೊಂಡು ಹೋಗಿ, ದುಡ್ಡು ಕೊಟ್ಟು ತಂದು ಬೆಳೆಸುತ್ತಾರೆ. ನಮ್ಮವರು ಮೆಷಿನ್‌ಗೆ ಕೊಡುತ್ತಾರೆ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ.

ಊರಿಗೆ ಬಂದಾಗ ಈ ಬಳ್ಳಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಇದಕ್ಕೆ ಹಾಗಲದ ಬಳ್ಳಿಗಿರುವಂಥ ಸುರುಳಿ ಕುಡಿ ಇಲ್ಲ. ಎಲೆಯ ತೊಟ್ಟೇ ಕೈ. ಎಳೆ ತೊಟ್ಟು ಪಕ್ಕದ ಕಡ್ಡಿಗೆ ತಾಗಿದರೆ ಸಾಕು, ಅದನ್ನು ಒಂದು ಸುತ್ತು ಹಾಕಿಕೊಂಡು ಬಿಗಿಯಾಗಿ ಕೂರುತ್ತದೆ. ಆಮೇಲೆ ತೊಟ್ಟು ಗಟ್ಟಿಯಾಗಿ ಸಣ್ಣ ತಂತಿಯ ಹಾಗೆ ಆಗುತ್ತದೆ. ಮಳೆಗಾಲದಲ್ಲಿ ಹೊಸದಾಗಿ ಬೆಳೆದ ಬಳ್ಳಿಯ ತುದಿಗಳಲ್ಲಿ, ಎಲೆಗಳ ಸಂದಿಯಲ್ಲಿ, ಗೊಂಚಲು ಗೊಂಚಲಾಗಿ ಕೆನೆಬಣ್ಣದ ಪುಟ್ಟ ಹೂ. ದಳ ಅಂತ ನಮಗೆ ಕಾಣುವುದು ನಿಜಕ್ಕೂ ದಳವಲ್ಲ, ಮೊಗ್ಗನ್ನು ಮುಚ್ಚಿಕೊಂಡಿದ್ದ ಹೊರಗಿನ ನಾಲ್ಕು ಪುಷ್ಪಪತ್ರ. ಅದರೊಳಗೆ ಕೇಸರಗಳದೇ ದೊಡ್ಡ ಕುಚ್ಚು. ತುಡುವೆ ಜೇನು, ಮಿಸರೆ ಜೇನು ಬೆಳಿಗ್ಗೆಯಿಂದಲೇ ಮುತ್ತಿಕೊಂಡಿರುತ್ತವೆ. ಹೂ ಉದುರಿದ ಮೇಲೆ ಪ್ರತಿ ಬೀಜಕ್ಕೂ ಒಂದೊಂದು ರೇಷ್ಮೆ ಗರಿ ಬರುತ್ತದೆ. ಚಳಿಗಾಲದ ಎಳೆಬಿಸಿಲಲ್ಲಿ ಇಡೀ ಬೇಲಿ ಬೆಳ್ಳಗೆ ಹೊಳೆಯುತ್ತದೆ. ಈಗ ಆ ಹೊಳಪು ನೋಡಲು ಸಿಗುವುದೇ ಕಡಿಮೆ, ಅಷ್ಟು ಹೊತ್ತಿಗೆ ಬಳ್ಳಿ ನೆಲದ ಮೇಲೆ ಒಣಗಿ ಬಿದ್ದಿರುತ್ತದೆ.

ಅಮೆರಿಕದವರು ಈ ವಿಷಯದಲ್ಲಿ ಮೊದಲಿನಿಂದಲೂ ಜಾಣರಾಗಿದ್ದರು ಅಂತ ನಾನು ಹೇಳಲ್ಲ. ಅಲ್ಲಿನ ಬೀದಿಗಳಲ್ಲಿ ಇವತ್ತಿಗೂ ಜಾಸ್ತಿ ಕಾಣುವುದು ಜಾಕ್‌ಮನಿ ಎಂಬ ದೊಡ್ಡ ನೇರಳೆ ಹೂವಿನ ತಳಿ. 1862ರಲ್ಲಿ ಇಂಗ್ಲೆಂಡಿನ ವೋಕಿಂಗ್‌ನ ಜಾಕ್‌ಮನ್ ನರ್ಸರಿಯಲ್ಲಿ ಅರಳಿದ ಮಿಶ್ರತಳಿ ಅದು. ಮನೆ ಮುಂದಿನ ಅಂಚೆ ಡಬ್ಬಿಯ ಕಂಬಕ್ಕೆ ಅದನ್ನು ಹಬ್ಬಿಸುವುದು ಅಲ್ಲಿನ ರೂಢಿ. ಆದರೆ ತೋಟದಲ್ಲಿ ನಿಜವಾದ ಆಸಕ್ತಿ ಇರುವವರು ತಮ್ಮ ನೆಲದ ಕಾಡು ಜಾತಿಗಳ ಕಡೆ ತಿರುಗಿದ್ದಾರೆ. ವಸಂತ ಬಂದರೆ ಅಲ್ಲಲ್ಲಿ ಸ್ಥಳೀಯ ಗಿಡಗಳದ್ದೇ ಮಾರಾಟ ಮೇಳ ನಡೆಯುತ್ತದೆ. ಪ್ರತಿ ಕುಂಡಕ್ಕೂ ಚೀಟಿ ಇರುತ್ತದೆ. ಹೆಸರು, ಎಷ್ಟು ಬಿಸಿಲು ಬೇಕು, ಯಾವ ಕೀಟಕ್ಕೆ ಆಹಾರ, ಎಲ್ಲ ಬರೆದಿರುತ್ತಾರೆ. ಕಾಡಿನಿಂದ ಕಿತ್ತು ತಂದದ್ದಲ್ಲ, ಬೀಜದಿಂದ ಬೆಳೆಸಿದ್ದು ಅಂತಲೂ ಹೇಳುತ್ತಾರೆ. ಕೊಳ್ಳುವವರು ಅದನ್ನು ಕೇಳಿಯೇ ಕೊಳ್ಳುತ್ತಾರೆ.

ಅವರ ಕ್ಲೆಮಾಟಿಸ್ ವಯೋರ್ನಾ ನನಗೆ ಬಹಳ ಇಷ್ಟ. 1753ರಲ್ಲೇ ಸಸ್ಯಶಾಸ್ತ್ರಜ್ಞ ಲಿನೇಯಸ್ ಹೆಸರಿಟ್ಟ ಬಳ್ಳಿ ಅದು. ಹೂ ಒಂದು ಇಂಚಿನಷ್ಟೇ ಉದ್ದ, ತಲೆ ತಗ್ಗಿಸಿದ ಪುಟ್ಟ ಹೂಜಿ. ಹೊರಗೆ ಗುಲಾಬಿ ಕಲೆತ ನೇರಳೆ, ಹೊರಕ್ಕೆ ಮಡಿಚಿದ ತುದಿಯಲ್ಲಿ ಕೆನೆಬಣ್ಣ. ಮುಟ್ಟಿದರೆ ಎಸಳು ಚರ್ಮದ ಹಾಗೆ ದಪ್ಪ. ದಪ್ಪ ದುಂಬಿಗಳು ಕೆಳಗಿನಿಂದ ಒಳಗೆ ತಲೆ ತೂರಿಸಿ ನೇತಾಡುತ್ತವೆ. ದೂರದಿಂದ ನೋಡಿದವರಿಗೆ ಹೂ ಇರುವುದೇ ಗೊತ್ತಾಗುವುದಿಲ್ಲ. ಇನ್ನೊಂದು ಓಕ್ರೊಲ್ಯೂಕಾ, ನ್ಯೂಯಾರ್ಕಿನಿಂದ ಜಾರ್ಜಿಯಾವರೆಗೆ ಅಲ್ಲಲ್ಲಿ ಮಾತ್ರ ಸಿಗುವುದು. ಅದು ಬಳ್ಳಿಯೇ ಅಲ್ಲ. ಒಂದೆರಡು ಅಡಿ ಎತ್ತರಕ್ಕೆ ನೆಟ್ಟಗೆ ನಿಲ್ಲುವ ಗಿಡ, ಮೈತುಂಬ ನವಿರು ರೋಮ. ಬೀಜ ಬಲಿತಾಗ ಹೊಂಬಣ್ಣದ ಗುಂಗುರು ತಲೆ. ಇವೆರಡೂ ಚಳಿಗೆ ನೆಲದ ಮೇಲೆ ಪೂರ್ತಿ ಸಾಯುತ್ತವೆ, ವಸಂತದಲ್ಲಿ ಬೇರಿನಿಂದ ಮತ್ತೆ ಬರುತ್ತವೆ. ಬೀಜ ಹಾಕಿದರೆ ಮೊಳಕೆಗೆ ವರ್ಷವೇ ಕಾಯಬೇಕಾಗಬಹುದು. ಇಷ್ಟು ನಿಧಾನದ, ಇಷ್ಟು ಸಣ್ಣ ಹೂವಿನ ಗಿಡಕ್ಕೆ ಅಷ್ಟು ಜನ ಕಾಯುತ್ತಾರಲ್ಲ, ಆ ತಾಳ್ಮೆ ಕಂಡು ನನಗೆ ಗೌರವ.

ಅವರ ದಾರಿಯಲ್ಲಿ ನನಗೆ ಹಿಡಿಸದ್ದೂ ಇದೆ. ಪೂರ್ವ ಏಷ್ಯಾದಿಂದ ತಂದ ಟರ್ನಿಫ್ಲೋರಾ ಎಂಬ ಕ್ಲೆಮಾಟಿಸ್ ತೋಟದಿಂದ ತಪ್ಪಿಸಿಕೊಂಡು ಅಲ್ಲಿನ ಕಾಡಂಚನ್ನೇ ಮುಚ್ಚುತ್ತಿದೆ. ಅವರದೇ ವರ್ಜಿನಿಯಾನಾ ನೋಡಲು ಹೆಚ್ಚುಕಡಿಮೆ ಅದರಂತೆಯೇ. ಎಲೆಯ ಅಂಚು ಗರಗಸದಂತೆ ಇದ್ದರೆ ಊರಿನದು, ನುಣ್ಣಗಿದ್ದರೆ ಹೊರಗಿನದು. ಇಷ್ಟು ಗೊತ್ತಿದ್ದೂ ಹೊರಗಿನದನ್ನು ಪರಿಮಳದ ಬಳ್ಳಿ ಅಂತ ಮಾರುವ ಅಂಗಡಿಗಳಿವೆ. ಜೊತೆಗೆ ಅಲ್ಲಿ ಗಿಡ ಬೇಕು ಅಂದರೆ ಮೊದಲು ಜನಕ್ಕೆ ನೆನಪಾಗುವುದು ಅಂಗಡಿ. ಪಕ್ಕದ ಮನೆಯ ಬಾಗಿಲು ತಟ್ಟಿ "ಒಂದು ಕುಡಿ ಕೊಡಿ" ಅಂತ ಕೇಳುವವರು ಕಡಿಮೆ.

ನಮ್ಮ ಮಲೆನಾಡಿನ ಶಕ್ತಿ ಇರುವುದು ಅಲ್ಲೇ. ಡೇರೆ ಹೂವನ್ನೇ ನೋಡಿ. ಮೆಕ್ಸಿಕೊದ ಗಿಡ ಅದು. ನಮ್ಮ ಹೆಂಗಸರು ಗಡ್ಡೆ ಹಂಚಿ ಹಂಚಿಯೇ ಅದನ್ನು ಸಾಗರ, ಹೊಸನಗರ, ಶಿರಸಿಯ ಅಂಗಳಗಳಿಗೆ ತಂದರು. ಮದುವೆಗೆ ಹೋದವರು ಬರುವಾಗ ಸೆರಗಿನಲ್ಲಿ ಗಡ್ಡೆ ಕಟ್ಟಿಕೊಂಡು ಬರುತ್ತಿದ್ದರು. ಮಳೆಗಾಲ ಮುಗಿದು ಗಿಡ ಒಣಗಿದರೆ ಗಡ್ಡೆ ಕಿತ್ತು ತಂಪಿನಲ್ಲಿ ಇಟ್ಟು, ಮತ್ತೆ ಮಳೆ ಹತ್ತಿರ ಬಂದಾಗ ನೆಡುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೆನ್ಸಿಲ್ವೇನಿಯಾದವರು ಹಿಮ ನೋಡಿ ಮಾಡುವ ಲೆಕ್ಕವನ್ನು ಇವರು ಮಳೆ ನೋಡಿ ಮಾಡುತ್ತಾರೆ. ಇಂಥ ಕೈಗಳಿಗೆ ಬೇಲಿಯ ಕ್ಲೆಮಾಟಿಸ್ ಒಂದು ಕಷ್ಟವೇ ಅಲ್ಲ. ಅತ್ತಿಗೆಗೆ ಇದನ್ನು ಹೇಳಿದಾಗ "ಬೇಲಿ ಬಳ್ಳಿನ ಅಂಗಳಕ್ಕೆ ತರೂದಾ? ಜನ ಎಂತ ಹೇಳ್ತಾರೆ ಮಾರಾಯ" ಅಂದರು. ತಡೆ ಇರುವುದು ಅಷ್ಟೇ. ಕಾಡಿನದು ಅಂದರೆ ಕಸ ಎನ್ನುವ ಭಾವನೆ.

ಶಿವಮೊಗ್ಗದಲ್ಲಿ ಕೆಲವರು ದೊಡ್ಡ ಹೂವಿನ ಕ್ಲೆಮಾಟಿಸ್ ಫೋಟೊ ನೋಡಿ ಆನ್‌ಲೈನಿನಲ್ಲಿ ತರಿಸುವ ಆಲೋಚನೆಯಲ್ಲಿದ್ದಾರೆ. ದಯವಿಟ್ಟು ಬೇಡ. ಆ ತಳಿಗಳಿಗೆ ಚಳಿಗಾಲದ ಗಾಢ ನಿದ್ದೆ ಬೇಕು, ನಮ್ಮ ಡಿಸೆಂಬರ್ ಅದಕ್ಕೆ ಸಾಲುವುದಿಲ್ಲ. ತಂಪು ದೇಶದಲ್ಲೇ ಅವುಗಳಿಗೆ ಶಿಲೀಂಧ್ರದಿಂದ ಬರುವ ಸೊರಗು ರೋಗದ ಕಾಟ, ನಿನ್ನೆ ಚೆನ್ನಾಗಿದ್ದ ಬಳ್ಳಿ ಇವತ್ತು ಜೋತುಬಿದ್ದಿರುತ್ತದೆ. ಸಣ್ಣ ಹೂವಿನ ಕಾಡು ಜಾತಿಗಳಿಗೆ ಆ ಕಾಟ ಕಡಿಮೆ. ಫಿಲಡೆಲ್ಫಿಯಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,100 ಮಿ.ಮೀ., ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ಮಳೆಗೆ ಹುಟ್ಟಿದ ಬಳ್ಳಿ ಮನೆ ಪಕ್ಕದಲ್ಲೇ ಇರುವಾಗ ಹೊರಗಿನದು ಯಾಕೆ, ಅಲ್ವಾ?

ಮಾಡಬೇಕಾದ್ದು ಜಾಸ್ತಿ ಇಲ್ಲ. ಮೊದಲನೆಯದು, ಸವರುವ ತಿಂಗಳು ಬದಲಾಗಲಿ. ದಣಪೆಯ ಪಕ್ಕ, ಅಂಗಳದ ಬೇಲಿಯಲ್ಲಿ ಈ ಬಳ್ಳಿ ಇರುವ ಹತ್ತಡಿಯನ್ನು ನವೆಂಬರ್‌ನಲ್ಲಿ ಬಿಟ್ಟುಬಿಡಿ. ಹೂ ಮುಗಿದು ಬೀಜ ಹಾರಿಹೋದ ಮೇಲೆ, ಫೆಬ್ರವರಿ ಕೊನೆಗೋ ಮಾರ್ಚ್‌ಗೋ, ಒಂದೂವರೆ ಅಡಿ ಬುಡ ಉಳಿಸಿ ಕಡಿಯಿರಿ. ಹೊಸ ಬಳ್ಳಿಯಲ್ಲಿ ಹೂ ಬಿಡುವ ಕ್ಲೆಮಾಟಿಸ್‌ಗಳಿಗೆ ಅಮೆರಿಕದಲ್ಲೂ ಹೀಗೇ ಮಾಡುತ್ತಾರೆ, ಚಳಿ ಕಳೆಯುವ ಹೊತ್ತಿಗೆ. ಕಡಿಯುವಾಗ ಕೈಗೆ ಗವಸು ಇರಲಿ, ಇದರ ಹಸಿ ರಸ ಚರ್ಮಕ್ಕೆ ಉರಿ. ಕರೆಂಟು ಹರಿಸುವ ಐಬೆಕ್ಸ್ ಬೇಲಿಯ ತಂತಿಗೆ ಮಾತ್ರ ಹಬ್ಬಲು ಬಿಡಬೇಡಿ, ಹಸಿರು ತಾಗಿದರೆ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಆ ಸಾಲನ್ನು ಸವರಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ.

ಅಂಗಳಕ್ಕೆ ತರಬೇಕು ಅಂದರೆ ಬೇರು ಕೀಳಬೇಡಿ. ಮೊದಲ ಮಳೆ ಬಿದ್ದಾಗ ಉದ್ದದ ಒಂದು ಬಳ್ಳಿಯನ್ನು ಬಗ್ಗಿಸಿ, ಗೆಣ್ಣಿನ ಜಾಗವನ್ನು ಮಣ್ಣಲ್ಲಿ ಹೂಳಿ, ಮೇಲೆ ಒಂದು ಕಲ್ಲು ಇಡಿ. ಮಳೆಗಾಲ ಕಳೆಯುವ ಹೊತ್ತಿಗೆ ಬೇರು ಬಂದಿದೆಯಾ ಅಂತ ಮೆಲ್ಲಗೆ ಎಳೆದು ನೋಡಿ, ಬಂದಿದ್ದರೆ ತಾಯಿ ಬಳ್ಳಿಯಿಂದ ಕತ್ತರಿಸಿ. ಕಾಳುಮೆಣಸು, ಮಲ್ಲಿಗೆ ಬೆಳೆಸಿದವರಿಗೆ ಇದೆಲ್ಲ ಹೊಸತಲ್ಲ. ಬುಡಕ್ಕೆ ತರಗೆಲೆ ಹಾಸಿ ನೆರಳು ಕೊಡಿ, ತಲೆಗೆ ಬಿಸಿಲು ಇರಲಿ. ತೆಳ್ಳಗಿನ ಗಳ ಕೊಡಿ, ಯಾಕೆಂದರೆ ಎಲೆ ತೊಟ್ಟಿಗೆ ದಪ್ಪ ಕಂಬ ಹಿಡಿಯಲು ಆಗುವುದಿಲ್ಲ.

ಇನ್ನೊಂದು ಬಳ್ಳಿಯನ್ನೂ ಹೇಳಬೇಕು. ಕಾಡಂಚಿನಲ್ಲಿ ನರವೇಲಿಯಾ ಸಿಗುತ್ತದೆ. ಅದರ ಒಂದೊಂದು ಎಲೆಯಲ್ಲಿ ಎರಡೇ ಕಿರುಎಲೆಗಳು, ನಡುವಿನ ಮೂರನೆಯದು ಸುರುಳಿ ಕುಡಿಯಾಗಿ ಮಾರ್ಪಟ್ಟಿರುತ್ತದೆ. ಹೂವಿನಲ್ಲಿ ಸಣ್ಣ ಹಳದಿ ಕಡ್ಡಿಗಳಂಥ ದಳ. ಈಗಿನ ಸಸ್ಯಶಾಸ್ತ್ರಜ್ಞರು ಇದನ್ನೂ ಕ್ಲೆಮಾಟಿಸ್ ಗುಂಪಿಗೇ ಸೇರಿಸಿದ್ದಾರೆ. ಇದನ್ನು ಯಾವ ನರ್ಸರಿಯಲ್ಲೂ ನಾನು ಕಂಡಿಲ್ಲ. ನಮ್ಮ ಜಿಲ್ಲೆಯಲ್ಲೇ ಕೃಷಿ ಮತ್ತು ತೋಟಗಾರಿಕೆಗೆಂದೇ ಒಂದು ವಿಶ್ವವಿದ್ಯಾಲಯ ಇದೆ, ಕೆಳದಿ ಶಿವಪ್ಪ ನಾಯಕನ ಹೆಸರಿನಲ್ಲಿ. ಅಡಿಕೆ, ಮೆಣಸಿನ ಸಸಿಗಳ ಪಕ್ಕ ಈ ಎರಡು ಬಳ್ಳಿಗಳನ್ನೂ ಹೆಸರಿನ ಚೀಟಿ ಅಂಟಿಸಿ ಒಂದು ಸಾಲು ಇಟ್ಟರೆ ಅತ್ತಿಗೆಯಂಥವರ ಅಳುಕು ಅರ್ಧ ಹೋಗುತ್ತದೆ. ಉಳಿದರ್ಧಕ್ಕೆ ಪಕ್ಕದ ಮನೆಯವರು ಬಂದು ತಮಗೂ ಒಂದು ಕುಡಿ ಕೇಳಿದರೆ ಸಾಕು.