ಹೂವಿಗೆ ಬೇಕಾದ ನಾರು ಹಿತ್ತಲಲ್ಲೇ ಇದೆ

ದೇವರ ಮನೆಯ ನಿರ್ಮಾಲ್ಯವನ್ನು ಗಿಡದ ಬುಡಕ್ಕೆ ಹಾಕುವವರು ಒಂದು ವರ್ಷದ ನಂತರ ಆ ಮಣ್ಣನ್ನು ಕೆದಕಿ ನೋಡಿ. ಮಲ್ಲಿಗೆ, ಕನಕಾಂಬರ, ಸೇವಂತಿಗೆ ಎಲ್ಲ ಕರಗಿ ಕಪ್ಪು ಗೊಬ್ಬರವಾಗಿರುತ್ತವೆ. ಉಳಿದಿರುವುದು ಬಿಳಿ ದಾರದ ಸಿಕ್ಕು ಮಾತ್ರ. ಅದು ಗುದ್ದಲಿಗೂ ಸುತ್ತಿಕೊಳ್ಳುತ್ತದೆ, ಬೇರಿಗೂ ಸುತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ಹತ್ತಿ ದಾರ ಎಂದು ಕೊಡುವ ಉಂಡೆಯಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ ನೋಡಿ ಹೇಳುವುದು ಕಷ್ಟ. ತುದಿಗೆ ಬೆಂಕಿ ಹಿಡಿದರೆ ಗೊತ್ತಾಗುತ್ತದೆ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಕರಿಮಣಿಯಂತೆ ಕೂರುತ್ತದೆ.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತೇವೆ. ಗಾದೆಯಲ್ಲಿ ನಾರಿಗೆ ಸಿಕ್ಕ ಸ್ಥಾನ ಸಣ್ಣದು. ಆದರೆ ಹೂ ಕಟ್ಟುವವರಿಗೆ ಗೊತ್ತು, ಮಾಲೆ ಸಂಜೆಯವರೆಗೆ ಉಳಿಯುವುದು ನಾರಿನ ಮೇಲೆ ನಿಂತಿದೆ. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಇಂದಿಗೂ ಬಾಳೆನಾರಿನಲ್ಲೇ ಹೂ ಕಟ್ಟುತ್ತಾರೆ. ಒಂದು ಚೆಂಡಿಗೆ ಸುಮಾರು 800 ಮೊಗ್ಗು, 4 ಚೆಂಡು ಸೇರಿದರೆ ಒಂದು ಅಟ್ಟೆ. ಅಷ್ಟು ಎಳೆಯ ತೊಟ್ಟುಗಳನ್ನು ಕತ್ತರಿಸದೆ ಹಿಡಿದಿಡಬೇಕಾದರೆ ಚಪ್ಪಟೆಯಾದ, ಸ್ವಲ್ಪ ತೇವ ಹಿಡಿಯುವ, ಜಾರದ ಎಳೆ ಬೇಕು. ದುಂಡಗಿನ ತೆಳು ದಾರವನ್ನು ಬಿಗಿದರೆ ತೊಟ್ಟು ಕುಯ್ದು ಹೂ ಉದುರುತ್ತದೆ. ನೈಲಾನ್ ನುಣುಪಾದ್ದರಿಂದ ಕುಣಿಕೆ ಸಡಿಲವಾಗುತ್ತದೆ. ಹಿತ್ತಲಲ್ಲಿ ಎರಡು ಬಾಳೆ ಇರುವ ಮನೆಯವರು ಗೊನೆ ಕಡಿದ ಮೇಲೆ ಕಂಬವನ್ನು ಬೇಲಿಯಾಚೆ ಎಸೆದು, ಹೂ ಕಟ್ಟಲು ದಾರದ ಉಂಡೆ ತರುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ನಾರು ತೆಗೆಯುವುದಕ್ಕೆ ಎರಡು ದಾರಿ ಇವೆ. ಸುಲಭದ್ದು ಒಣಪಟ್ಟೆ. ನಿಂತಿರುವ ಬಾಳೆಯ ಹೊರಮೈಯಲ್ಲಿ ಕಂದುಬಣ್ಣಕ್ಕೆ ತಿರುಗಿ ತಾನಾಗಿ ಬಿಟ್ಟುಕೊಂಡು ನೇತಾಡುವ ಪಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ತೆಗೆಯಬೇಕು. ಕಪ್ಪು ಚುಕ್ಕೆ ಬಿದ್ದದ್ದು, ಮಳೆಗೆ ಕೊಳೆತು ಬೆರಳಿಗೆ ಪುಡಿಯಾಗುವುದು ಬೇಡ. ಒಳ್ಳೆಯ ಪಟ್ಟೆಯನ್ನು ಹತ್ತು ಹದಿನೈದು ನಿಮಿಷ ನೀರಲ್ಲಿ ನೆನೆಸಿ, ಉಗುರಿನಿಂದಲೋ ಗುಂಡುಸೂಜಿಯಿಂದಲೋ ಉದ್ದಕ್ಕೆ ಸೀಳಿದರೆ ಆಯಿತು. ಮಲ್ಲಿಗೆಗೆ 2 ಮಿಲಿಮೀಟರ್ ಅಗಲ ಸಾಕು, ಸೇವಂತಿಗೆ ಮತ್ತು ಸುಗಂಧರಾಜಕ್ಕೆ 3–4 ಬೇಕು. ಸೀಳುವಾಗ ಎಳೆ ಒಂದು ಬದಿಗೆ ಸಪೂರವಾಗುತ್ತ ಹೋಗಿ ತುಂಡಾದರೆ, ಎರಡು ಕೈಗಳು ಸಮನಾಗಿ ಎಳೆಯುತ್ತಿಲ್ಲ ಎಂದರ್ಥ. ದಪ್ಪವಿರುವ ಬದಿಯನ್ನು ಹೆಚ್ಚು ಬಾಗಿಸಿ ಎಳೆದರೆ ಸೀಳು ಆ ಕಡೆಗೆ ತಿರುಗುತ್ತದೆ.

ಈ ಕೆಲಸದಿಂದ ಗಿಡಕ್ಕೂ ಲಾಭವಿದೆ. ಕಾಂಡ ಕೊರೆಯುವ ಮೂತಿಹುಳು ಹೊರಪಟ್ಟೆಗಳ ಸಂದಿಯಲ್ಲೇ ಅಡಗಿ ಮೊಟ್ಟೆ ಇಡುತ್ತದೆ. ಒಣಪಟ್ಟೆ ತೆಗೆದ ಕಂಬದಲ್ಲಿ ಅದಕ್ಕೆ ಜಾಗ ಕಡಿಮೆ. ಕಂಬದ ಮೇಲೆ ಸಣ್ಣ ತೂತು, ಅದರಿಂದ ಅಂಟಿನಂಥ ಲೋಳೆ ಸುರಿಯುತ್ತಿರುವುದು ಕಂಡರೆ ಹುಳು ಒಳಗಿದೆ. ಆದರೆ ಗೊನೆ ಹೊತ್ತ ಗಿಡದ ಹಸಿರು ಪಟ್ಟೆಯನ್ನು ಮಾತ್ರ ಸುಲಿಯಬೇಡಿ. ಬಾಳೆಗೆ ಮರದಂಥ ಕಾಂಡವಿಲ್ಲ. ನಾವು ಕಂಬ ಎನ್ನುವುದು ಎಲೆಗಳ ಬುಡವೇ ಒಂದರ ಮೇಲೊಂದು ಸುತ್ತಿಕೊಂಡದ್ದು. ಎರಡು ಹಸಿರು ಪಟ್ಟೆ ಹೋದರೆ ಎರಡು ಎಲೆ ಹೋದಂತೆ, ಗೊನೆಯ ಭಾರಕ್ಕೆ ಗಿಡ ಬಾಗುತ್ತದೆ.

ಎರಡನೆಯ ದಾರಿ ಹಸಿಪಟ್ಟೆಯದು. ಶ್ರಮ ಹೆಚ್ಚು, ನಾರು ರೇಷ್ಮೆಯಂತೆ ಬಿಳಿ, ಬಲವೂ ಹೆಚ್ಚು. ಗೊನೆ ಕಡಿದ ದಿನ ಅಥವಾ ಮರುದಿನವೇ ಮಾಡಬೇಕು. ತಡವಾದರೆ ಸೋನೆ ಕಂದಿ ನಾರಿಗೆ ಬಣ್ಣ ಹಿಡಿಯುತ್ತದೆ, ಪಟ್ಟೆಯ ತಿರುಳು ಅಂಟಿಕೊಂಡು ಬಿಡಿಸಲು ಆಗುವುದಿಲ್ಲ. ಕಂಬವನ್ನು ಮೂರು ನಾಲ್ಕು ಅಡಿಯ ತುಂಡು ಮಾಡಿ, ಪಟ್ಟೆಗಳನ್ನು ಒಂದೊಂದಾಗಿ ಬಿಡಿಸಿ. ಹೊರಗಿನ ಎರಡು ಮೂರು ಪಟ್ಟೆಗಳ ನಾರು ಒರಟು, ಅದನ್ನು ಗಿಡ ಕಟ್ಟಲು ಇಟ್ಟುಕೊಳ್ಳಿ. ದಿಂಡಿಗೆ ಹತ್ತಿರದ್ದು ಬರೀ ನೀರು, ಎಳೆ ಸಿಕ್ಕರೂ ಬೇಗ ಹರಿಯುತ್ತದೆ. ಹೂವಿಗೆ ನಡುವಿನವೇ ಸರಿ.

ಒಂದು ಪಟ್ಟೆಯನ್ನು ಅಡ್ಡಕ್ಕೆ ಕೊಯ್ದು ನೋಡಿ. ಹೊರಗೆ ನುಣುಪಾದ ಸಿಪ್ಪೆ, ಒಳಗೆ ಪಾರದರ್ಶಕ ಪೊರೆ, ನಡುವೆ ಜೇನುಗೂಡಿನಂಥ ಗಾಳಿಯ ಕೋಣೆಗಳು. ಒಳ್ಳೆಯ ನಾರು ಹೆಚ್ಚಾಗಿ ಇರುವುದು ಹೊರಸಿಪ್ಪೆಗೆ ಅಂಟಿಕೊಂಡ ತೆಳು ಪದರದಲ್ಲಿ. ಹಾಗಾಗಿ ಇಡೀ ಪಟ್ಟೆಯನ್ನು ಹೆರೆಯುತ್ತ ಕೂರುವುದು ವ್ಯರ್ಥ. ಪಟ್ಟೆಯ ತುದಿಯಲ್ಲಿ ಚಾಕುವಿನ ಮೊನೆಯಿಂದ ಹೊರಪದರವನ್ನಷ್ಟೇ ಎಬ್ಬಿಸಿ, ಎರಡು ಬೆರಳು ಅಗಲಕ್ಕೆ ಹಿಡಿದು ನಿಧಾನವಾಗಿ ಎಳೆದರೆ ಉದ್ದಕ್ಕೂ ಸುಲಿದು ಬರುತ್ತದೆ. ಅದನ್ನು ನಯವಾದ ಹಲಗೆಯ ಮೇಲೆ, ಸಿಪ್ಪೆಯ ಬದಿ ಕೆಳಗಾಗಿ ಹಾಸಿ, ಮೊಂಡು ಚಾಕುವನ್ನು ಸ್ವಲ್ಪ ಓರೆಯಾಗಿ ಒತ್ತಿ ಹಿಡಿದು, ನಡುವಿನಿಂದ ತುದಿಗೆ ಎಳೆಯಬೇಕು. ನಾಲ್ಕರಿಂದ ಆರು ಸಲ ಎಳೆಯುವಷ್ಟರಲ್ಲಿ ತಿರುಳು, ನೀರು ಹೋಗಿ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮತ್ತೆ ತಿರುಗಿಸಿ ಉಳಿದ ಅರ್ಧ. ಚಾಕು ಹರಿತವಾಗಿದ್ದರೆ ನಾರೇ ಕತ್ತರಿಸುತ್ತದೆ. ತೆಂಗಿನ ಗೆರಟೆಯ ಅಂಚನ್ನು ನಯ ಮಾಡಿಕೊಂಡು ಹೆರೆದರೂ ಆಗುತ್ತದೆ, ಮಕ್ಕಳ ಕೈಗೆ ಅದೇ ಒಳ್ಳೆಯದು. ಕೂಡಲೇ ಎರಡು ನೀರಲ್ಲಿ ತೊಳೆಯಿರಿ. ತಿರುಳು ಉಳಿದ ನಾರು ಒಣಗಿದ ಮೇಲೆ ಕಡ್ಡಿಯಂತಾಗುತ್ತದೆ, ಬೂಸ್ಟು ಹಿಡಿಯುವುದೂ ಅಲ್ಲಿಂದಲೇ.

ಬಾಳೆಸೋನೆಯ ಬಗ್ಗೆ ಎಚ್ಚರ. ಬಟ್ಟೆಗೆ ಬಿದ್ದಾಗ ಬಣ್ಣವೇ ಕಾಣದು, ಗಾಳಿ ತಾಗಿ ಕಂದಾದ ಮೇಲೆ ಯಾವ ಸೋಪಿಗೂ ಹೋಗದು. ಹಳೆ ಬಟ್ಟೆ ಉಟ್ಟು, ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಂಡೇ ಕೂರಬೇಕು.

ಒಣಗಿಸುವುದು ನೆರಳಲ್ಲಿ, ಗಾಳಿ ಆಡುವ ಕಡೆ, ಹಗ್ಗದ ಮೇಲೆ ತೆಳುವಾಗಿ ಹರವಿ. ಒಂದೆರಡು ದಿನ ಸಾಕು. ಸುಡು ಬಿಸಿಲಿಗೆ ಹಾಕಿದರೆ ನಾರು ಪೆಡಸಾಗಿ ಮಡಿಸಿದಲ್ಲಿ ಮುರಿಯುತ್ತದೆ. ಕರಾವಳಿ ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿನಾರಿನ ಆಸೆ ಬಿಡುವುದೇ ಲೇಸು. ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣಹವೆಯಲ್ಲಿ ವರ್ಷಕ್ಕಾಗುವಷ್ಟು ಮಾಡಿಟ್ಟುಕೊಳ್ಳಬಹುದು. ತೂಕದಲ್ಲಿ ಹೆಚ್ಚು ನಿರೀಕ್ಷಿಸಬೇಡಿ: ನೂರು ಕೆಜಿ ಹಸಿಕಂಬಕ್ಕೆ ಒಣನಾರು ಒಂದು ಕೆಜಿಯ ಆಸುಪಾಸು. ಆದರೆ ಹೂವಿಗೆ ಬೇಕಾದದ್ದು ಉದ್ದ, ತೂಕವಲ್ಲ. ಒಂದು ಮೊಳ ಮಾಲೆಗೆ ಸುಮಾರು ಮೂರು ಮೊಳ ನಾರು ಹಿಡಿದರೂ ಒಂದು ಕಂಬದ ನಾರು ಮನೆಯ ಪೂಜೆಗೆ ತಿಂಗಳುಗಟ್ಟಲೆ ಬರುತ್ತದೆ. ಹಿಡಿಯಷ್ಟರ ಕಟ್ಟು ಮಾಡಿ, ಸಡಿಲವಾಗಿ ಬಿಗಿದು ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒಳಗೆ ಬೆವರಿ ಬೂಸ್ಟಾಗುತ್ತದೆ.

ಕಟ್ಟುವ ಮುಂಚೆ ಬೇಕಾದಷ್ಟನ್ನೇ ಹತ್ತು ನಿಮಿಷ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ. ರಾತ್ರಿಯಿಡೀ ನೆನೆಸಿದ ಒಣಪಟ್ಟೆ ಲೋಳೆಯಾಗಿ ಹರಿಯುತ್ತದೆ. ಮಲ್ಲಿಗೆಯನ್ನು ಬೆಳಗ್ಗೆ, ಅರಳುವ ಮುಂಚೆ, ಬೆಳ್ಳಗೆ ತುಂಬಿದ ಮೊಗ್ಗಾಗಿದ್ದಾಗ ತೊಟ್ಟು ಸಮೇತ ಬಿಡಿಸಬೇಕು. ಹಸಿರು ಛಾಯೆ ಇರುವ ಎಳೆಮೊಗ್ಗು ಮಾಲೆಯಲ್ಲಿ ಅರಳುವುದೇ ಇಲ್ಲ. ನಾರಿನ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ಅಥವಾ ಕಾಲ್ಬೆರಳಿಗೆ ಸಿಕ್ಕಿಸಿ. ಎರಡು ಮೊಗ್ಗು ಎಡಕ್ಕೆ, ಎರಡು ಬಲಕ್ಕೆ ಮುಖ ಮಾಡಿ ತೊಟ್ಟುಗಳು ಅಡ್ಡಡ್ಡ ಕೂರುವಂತೆ ನಾರಿನ ಮೇಲಿಟ್ಟು, ಬಿಡಿತುದಿಯನ್ನು ತೊಟ್ಟುಗಳ ಸುತ್ತ ಒಂದು ಸುತ್ತು ತಂದು, ತಿರುಚಿದ ಕುಣಿಕೆಯನ್ನು ತೊಟ್ಟುಗಳ ಮೇಲಿಂದ ಹಾಕಿ ಎಳೆಯಿರಿ. ಮಾಲೆಯ ದಿಕ್ಕಿನಲ್ಲೇ ಎಳೆಯಬೇಕು. ಮೇಲಕ್ಕೆ ಜಗ್ಗಿದರೆ ಹೂ ವಾಲುತ್ತದೆ. ಮುಂದಿನ ಜೋಡಿ ಹಿಂದಿನದರ ತೊಟ್ಟನ್ನು ಮುಚ್ಚುವಷ್ಟು ಹತ್ತಿರ ಇರಲಿ.

ನಾರು ಮುಗಿಯುವುದನ್ನು ಕಾಯದೆ, ನಾಲ್ಕು ಅಂಗುಲ ಉಳಿದಿರುವಾಗಲೇ ಹೊಸ ಎಳೆಯನ್ನು ಪಕ್ಕದಲ್ಲಿಟ್ಟು ಎರಡನ್ನೂ ಸೇರಿಸಿ ಎರಡು ಮೂರು ಜೋಡಿ ಹೂ ಕಟ್ಟಿ. ಗಂಟು ಹಾಕಿ ಸೇರಿಸಿದರೆ ಅಲ್ಲಿ ಉಬ್ಬು ಬಂದು ಹೂವಿನ ಸಾಲು ಒಡೆಯುತ್ತದೆ. ಕಟ್ಟಿದ್ದನ್ನು ಬಾಳೆ ಎಲೆಯಲ್ಲಿ ಸುತ್ತಿಡಿ.

ಒರಟು ನಾರು ಎಂದು ಬದಿಗಿಟ್ಟದ್ದಕ್ಕೆ ತೋಟದಲ್ಲೇ ಕೆಲಸವಿದೆ. ವೀಳ್ಯದೆಲೆ ಬಳ್ಳಿಯನ್ನು ಆಸರೆ ಮರಕ್ಕೆ ಹಬ್ಬಿಸುವವರು ಗೇಣಿಗೊಂದರಂತೆ ಬಾಳೆನಾರಿನಲ್ಲೇ ಕಟ್ಟುತ್ತ ಹೋಗುತ್ತಾರೆ. ಕಾಳುಮೆಣಸಿಗೂ ಟೊಮೆಟೊಗೂ ಅದೇ ಸಾಕು. ಬಳ್ಳಿ ಬೇರು ಹಿಡಿದು ನಿಲ್ಲುವ ಹೊತ್ತಿಗೆ ನಾರು ತಾನಾಗಿ ಕೊಳೆತು ಬೀಳುತ್ತದೆ. ಪ್ಲಾಸ್ಟಿಕ್ ಸುತಳಿಯಾದರೆ ಹಾಗೇ ಉಳಿದು, ದಪ್ಪವಾಗುತ್ತಿರುವ ಕಾಂಡವನ್ನು ಕುತ್ತಿಗೆ ಹಿಸುಕಿದಂತೆ ಹಿಡಿಯುತ್ತದೆ.

ಇನ್ನು ಕಡಿದ ಬಾಳೆಯ ಬುಡ. ಎರಡು ಅಡಿ ಮೋಟು ಬಿಟ್ಟರೆ ಅದರ ಸಾರ ಪಕ್ಕದ ಕಂದಿಗೆ, ಅಂದರೆ ಮರಿಗಿಡಕ್ಕೆ, ಹೋಗುತ್ತದೆ. ಹುಳುವಿನ ಕಾಟವಿಲ್ಲದ ಹಿತ್ತಲಲ್ಲಿ ಹಾಗೇ ಮಾಡಿ. ಮೂತಿಹುಳು ಕಂಡಿದ್ದರೆ ಮೋಟು ಬಿಡುವುದು ತಪ್ಪು, ಬುಡಸಮೇತ ತೆಗೆಯಬೇಕು. ಒಂದೆರಡು ಅಡಿಯ ಹಸಿತುಂಡನ್ನು ಉದ್ದಕ್ಕೆ ಸೀಳಿ, ಸೀಳಿದ ಮುಖ ನೆಲಕ್ಕೆ ತಾಗುವಂತೆ ಬಾಳೆಗಳ ನಡುವೆ ಮಗುಚಿಟ್ಟರೆ ವಾಸನೆಗೆ ಮೂತಿಹುಳುವಿನ ದುಂಬಿಗಳು ಬಂದು ಅಡಿಯಲ್ಲಿ ಸೇರುತ್ತವೆ. ದಿನಾ ಬೆಳಗ್ಗೆ ಎತ್ತಿ ಆರಿಸಿ ಕೊಲ್ಲಬೇಕು, ತುಂಡು ಒಣಗಿದ ಕೂಡಲೇ ಬದಲಿಸಬೇಕು. ಉಳಿಸಿಕೊಳ್ಳುವ ಕಂದು ಒಂದೇ ಇರಲಿ, ಅದೂ ಕತ್ತಿಯಂಥ ಸಪೂರ ಎಲೆಯದ್ದು. ಚಿಕ್ಕದಿರುವಾಗಲೇ ಅಗಲ ಎಲೆ ಬಿಡುವ ನೀರುಕಂದು ನೋಡಲು ಚೆನ್ನ, ಗೊನೆ ಬಡಕಲು. ಕಂಬವನ್ನು ಕಡಿದಾಗ ಒಳಗೆ ಕೆಂಗಂದು ಗೆರೆಗಳು ಕಂಡರೆ ಅದು ಪನಾಮಾ ಸೊರಗುರೋಗ ಇರಬಹುದು, ರಸಬಾಳೆಗೂ ಏಲಕ್ಕಿ ಬಾಳೆಗೂ ಬಹಳ ಬೇಗ ತಗಲುತ್ತದೆ. ಆ ಗಿಡದಿಂದ ನಾರೂ ಬೇಡ, ಕಂದೂ ಬೇಡ. ಬುಡ ಅಗೆದು ಸುಟ್ಟು, ಗುದ್ದಲಿ ಕತ್ತಿಗಳನ್ನು ತೊಳೆದೇ ಮುಂದಿನ ಪಾತಿಗೆ ಹೋಗಿ.